ಮುಚ್ಚಳಿಕೆ ಬರೆಸಿದ ಮೇಲೆ

ಕೊಳ್ಳೇಗಾಲ, ಹನೂರು, ಯಳಂದೂರು ಭಾಗದಲ್ಲಿ ಮಕ್ಕಳ ರಕ್ಷಣೆಯ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಹೇಳಬೇಕಾದ ಕೆಲವು ಮಾತು. ಹೆಚ್ಚಿನವು ಬಾಲ್ಯವಿವಾಹದ ಸುತ್ತಲೇ ಇವೆ. ನಮಗೆ ಬರುವ ಕರೆಗಳೇ ಹಾಗೆ.

1. ಕರೆ ಬಂದ ಕೂಡಲೇ ಚಪ್ಪರದ ಕಡೆ ಓಡಬೇಡಿ, ಮೊದಲು ಶಾಲೆಗೆ ಹೋಗಿ. ಹುಡುಗಿಯ ಕಡೆಯವರು ಆಧಾರ್ ತೋರಿಸುತ್ತಾರೆ, ಜಾತಕ ತೋರಿಸುತ್ತಾರೆ. ಬಾಲನ್ಯಾಯ ಕಾಯ್ದೆಯ 94ನೇ ಕಲಮಿನಂತೆ ವಯಸ್ಸಿಗೆ ಮೊದಲ ಸಾಕ್ಷಿ ಶಾಲೆಯ ದಾಖಲೆ, ಅದಿಲ್ಲದಿದ್ದರೆ ಪಂಚಾಯಿತಿಯ ಜನನ ಪ್ರಮಾಣಪತ್ರ. ಮುಖ್ಯೋಪಾಧ್ಯಾಯರ ಸಹಿ, ಮೊಹರಿರುವ ಒಂದು ಹಾಳೆ ಕೈಯಲ್ಲಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

2. ಮುಚ್ಚಳಿಕೆಯನ್ನೇ ನಂಬಿ ಕೂರಬೇಡಿ. "ಹದಿನೆಂಟು ತುಂಬೋವರ್ಗೂ ಮಾಡಲ್ಲ ಬುಡಿ ಮೇಡಮ್" ಎಂದು ಅಪ್ಪ ಹೆಬ್ಬೆಟ್ಟು ಒತ್ತುತ್ತಾನೆ. ಪಾಲಾರ್ ದಾಟಿದರೆ ತಮಿಳುನಾಡು. ಅಲ್ಲಿ ನೆಂಟರೂ ಇದ್ದಾರೆ, ದೇವಸ್ಥಾನಗಳೂ ಇವೆ, ಮದುವೆ ಅಲ್ಲೇ ಮುಗಿಸುತ್ತಾರೆ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ತಂದ 2016ರ ತಿದ್ದುಪಡಿಯಿಂದ ಕರ್ನಾಟಕ ಇಲ್ಲಿ ನಡೆದ ಬಾಲ್ಯವಿವಾಹವನ್ನು ಮೂಲತಃ ಅಸಿಂಧು ಎಂದಿದೆ. ಗಡಿಯಾಚೆ ಇರುವುದು 2006ರ ಕೇಂದ್ರ ಕಾಯ್ದೆಯೇ: ಮದುವೆ ಸಾಮಾನ್ಯವಾಗಿ ಊರ್ಜಿತ, ಬೇಡವೆಂದರೆ ಹುಡುಗಿಯೇ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ಆದ್ದರಿಂದ ಮುಚ್ಚಳಿಕೆಯ ಜೊತೆಗೇ ಅದೇ ಕಾಯ್ದೆಯ 13ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತನ್ನಿ. ತುರ್ತಿದ್ದರೆ ಮಧ್ಯಂತರ ಆದೇಶವೂ ಸಿಗುತ್ತದೆ. ಅದನ್ನು ಮೀರಿ ಎಲ್ಲಿ ತಾಳಿ ಕಟ್ಟಿದರೂ 14ನೇ ಕಲಮಿನಂತೆ ಆ ಮದುವೆ ಅಸಿಂಧು. ಇಷ್ಟು ಬಲದ ಆಯುಧವನ್ನು ಅಧಿಕಾರಿಗಳು ಯಾಕೆ ಬಳಸುವುದಿಲ್ಲವೋ! ಮುಚ್ಚಳಿಕೆ ಬರೆಸುವುದು ಅರ್ಧ ಗಂಟೆಯ ಕೆಲಸ, ಅರ್ಜಿ ಹಾಕಿದರೆ ಕೋರ್ಟಿಗೆ ಅಲೆಯಬೇಕು ಎಂಬುದು ನನ್ನ ಅನುಮಾನ.

3. ಮದುವೆ ಯಾಕೆ ಎಂದು ಕೇಳಿ, ಉತ್ತರ ಬರುವವರೆಗೂ ಕೂತಿರಿ. ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಂದ, ಅಂದರೆ ಹಾಡಿಗಳಿಂದ, ಕೊಡಗಿನ ಕಾಫಿ ತೋಟಕ್ಕೆ, ಹನೂರು ಕಡೆಯಿಂದ ತಿರುಪ್ಪೂರು, ಕೊಯಮತ್ತೂರಿಗೆ ಅಪ್ಪ ಅಮ್ಮ ಕೂಲಿಗೆ ಹೋದರೆ ಮನೆಯಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೇ. ಮಲೆ ಮಹದೇಶ್ವರ ಬೆಟ್ಟದ ಕಾಡೊಳಗಿನ ಊರುಗಳಲ್ಲಿ ಹೈಸ್ಕೂಲಿಗೆ ಆನೆ ಓಡಾಡುವ ದಾರಿ ನಡೆಯಬೇಕು. ಶಾಲೆ ಬಿಟ್ಟ ವರ್ಷವೇ ಗಂಡು ನೋಡಲು ಶುರು. ಇಂಥ ಮನೆಯಲ್ಲಿ ಕಾಯ್ದೆ ಓದುವುದಕ್ಕಿಂತ ಹಾಸ್ಟೆಲ್ ಸೀಟು ಕೊಡಿಸುವುದು ಮೇಲು.

4. ತಡೆಯಲಾಗದ ಮದುವೆ ಬಹುಮಟ್ಟಿಗೆ ಹುಡುಗಿ ಬಸುರಿಯಾಗಿ ಆಸ್ಪತ್ರೆಯಲ್ಲಿ ತಾಯಿ ಕಾರ್ಡ್ ಮಾಡಿಸುವಾಗ ಬಯಲಾಗುತ್ತದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಗಂಡ ಜೈಲಿಗೆ ಹೋಗುತ್ತಾನೆಂದು ಹೆದರಿ ಮನೆಯವರು ಬಸುರಿಯನ್ನು ಬಚ್ಚಿಡುತ್ತಾರೆ. ಕೇಸು ಕೈಬಿಡಿಸುತ್ತೇನೆಂದು ಮಾತು ಕೊಡಬೇಡಿ, ಅದು ನಿಮ್ಮ ಕೈಯಲ್ಲಿಲ್ಲ. ಮೊದಲು ಆಸ್ಪತ್ರೆ. ಹೇಳಿಕೆ ಪಡೆಯಲು ಸಾಧ್ಯವಾದಷ್ಟೂ ಮಹಿಳಾ ಸಬ್‌ಇನ್ಸ್‌ಪೆಕ್ಟರೇ, ಸಮವಸ್ತ್ರವಿಲ್ಲದೆ, ಹುಡುಗಿ ಹೇಳಿದ ಜಾಗಕ್ಕೆ ಬರಬೇಕು. ಜೀಪು ಬೀದಿಗೆ ಬರುವ ಮೊದಲೇ ಇದನ್ನು ಕೇಳಿಕೊಳ್ಳಿ. ಊಟ, ಓಡಾಟದ ತುರ್ತು ಖರ್ಚಿಗೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಬಹುದೆಂದು 2020ರ ಪೋಕ್ಸೊ ನಿಯಮಗಳಲ್ಲಿದೆ. ಬಾಯಿಬಿಟ್ಟು ಕೇಳಬೇಕು, ಅಷ್ಟೆ. ಹದಿನೇಳರ ಹುಡುಗಿ, ಇಪ್ಪತ್ತೊಂದರ ಹುಡುಗ ಮೆಚ್ಚಿ ಓಡಿಹೋದದ್ದಕ್ಕೂ ಪೋಕ್ಸೊ ಕೇಸು ಹಾಕುವುದು ನನಗಂತೂ ಒಪ್ಪಿಗೆಯಿಲ್ಲ.

5. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದವರ ಮನೆಗೆ ಹೋಗಬೇಡಿ. ಅವರು ಎದುರು ಸಿಕ್ಕರೂ ಗುರುತು ತೋರಬೇಡಿ, ಅವರು ಕೊಟ್ಟ ನೀರನ್ನೂ ಕುಡಿಯಬೇಡಿ. ಊರಿನವರು ಎಲ್ಲವನ್ನೂ ನೋಡುತ್ತಿರುತ್ತಾರೆ.