ಎಂಜಿನ್ನಿನ ಹೆಡ್ ಬದಲಾವಣೆ: ಒಂದು ಕ್ರಮಪಾಠ

ವ್ಯಾಕರಣ, ಛಂದಸ್ಸು, ಅಲಂಕಾರಗಳನ್ನು ಬೋಧಿಸಿಕೊಂಡು ಬಂದ ಕನ್ನಡ ಪಂಡಿತನು ಮೋಟಾರು ಎಂಜಿನ್ನಿನ ವಿಷಯವಾಗಿ ಲೇಖನ ಬರೆಯಲು ಹೊರಟಿರುವುದನ್ನು ಕಂಡು ಈ ಸಂಚಿಕೆಯ ವಾಚಕರು ಅಚ್ಚರಿಪಡಬಹುದು. ನನ್ನ ಅವಿವೇಕದಿಂದ ಶ್ರೀಮಠದ ಕಾರಿನ ಎಂಜಿನ್ನು ಕೆಟ್ಟಿತು. ಅದನ್ನು ಸರಿಪಡಿಸುವ ಕಾಯಕವನ್ನು ನಾಲ್ಕು ದಿನ ಎದುರು ಕುಳಿತು ನೋಡಿದೆನು. ನೋಡಿದುದನ್ನು ಆಮೇಲೆ ಓದಿ, ಕೇಳಿ ತಿಳಿದುಕೊಂಡೆನು. ಹಾಗೆ ತಿಳಿದುದನ್ನು ವಿದ್ಯಾರ್ಥಿಗಳಿಗೆ ಪಾಠರೂಪವಾಗಿ ಒಪ್ಪಿಸುವುದು ನನ್ನ ಮೇಲಿರುವ ಋಣವೆಂದು ಭಾವಿಸಿ ಈ ಬರಹಕ್ಕೆ ಕೈಹಾಕಿದ್ದೇನೆ.

ಹೆಡ್ ಎಂದರೇನು?

ಎಂಜಿನ್ನಿನ ಮುಖ್ಯ ಶರೀರಕ್ಕೆ ಬ್ಲಾಕ್ ಎಂದು ಹೆಸರು. ಅದರಲ್ಲಿ ಕೊರೆದ ದುಂಡನೆಯ ಪೊಳ್ಳುಗಳೇ ಸಿಲಿಂಡರುಗಳು. ಅವುಗಳೊಳಗೆ ಪಿಸ್ಟನ್ನುಗಳು ಮೇಲೆ ಕೆಳಗೆ ಚಲಿಸುತ್ತವೆ. ಈ ಪೊಳ್ಳುಗಳ ಮೇಲ್ಬಾಯಿಯನ್ನು ಮುಚ್ಚುವ ದಪ್ಪನೆಯ ಎರಕದ ಭಾಗವೇ ಸಿಲಿಂಡರ್ ಹೆಡ್. ಇದಕ್ಕೆ ಸಂಸ್ಕೃತದ ಸಮಾಸವೊಂದನ್ನು ಕಟ್ಟಿಕೊಡುವುದು ನನಗೆ ಕಷ್ಟವಲ್ಲ. ಆದರೆ ಕಾಯಕ ಮಾಡುವವರ ಬಾಯಲ್ಲಿ ನೆಲೆನಿಂತಿರುವ ಪದವು ‘ಹೆಡ್’ ಎಂಬುದೇ ಆದುದರಿಂದ ಅದನ್ನೇ ಇಲ್ಲಿ ಬಳಸಿದ್ದೇನೆ.

ಹೆಡ್ ಬರಿಯ ಮುಚ್ಚಳವಲ್ಲ. 1950ರ ದಶಕದ ಕೊನೆಯಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ ತಯಾರಿಸತೊಡಗಿದ ಅಂಬಾಸಿಡರ್ ಕಾರನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಮೊದಮೊದಲಿನ ಕಾರುಗಳಲ್ಲಿ ವಾಲ್ವುಗಳು ಬ್ಲಾಕಿನ ಪಕ್ಕದಲ್ಲಿದ್ದವು; ಹೆಡ್ ಹೆಚ್ಚುಕಡಿಮೆ ಮುಚ್ಚಳವೇ ಆಗಿತ್ತು. ಸ್ವಲ್ಪ ಕಾಲದಲ್ಲಿಯೇ ಬಂದ 1489 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್ನಿನಲ್ಲಿ ವಾಲ್ವುಗಳು ಹೆಡ್ಡಿಗೇ ಏರಿದುವು. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಒಳಬರುವ ದಾರಿ, ಹೊಗೆ ಹೊರಹೋಗುವ ದಾರಿ, ಎಂಟು ವಾಲ್ವುಗಳು, ನಾಲ್ಕು ಸ್ಪಾರ್ಕ್ ಪ್ಲಗ್ಗುಗಳು, ತಂಪಿನ ನೀರು ಹರಿಯುವ ಕಾಲುವೆಗಳು, ಇಷ್ಟೂ ಆ ಒಂದು ಎರಕದಲ್ಲಿ ಸೇರಿವೆ. ಬೆಂಕಿ, ನೀರು, ಎಣ್ಣೆ ಈ ಮೂರೂ ಅಂಗುಲದ ಅಂತರದಲ್ಲಿ ಹಾದುಹೋಗುತ್ತವೆ. ಆದರೆ ಒಂದು ಇನ್ನೊಂದನ್ನು ಮುಟ್ಟಕೂಡದು. ಹೆಡ್ಡಿಗೂ ಬ್ಲಾಕಿಗೂ ನಡುವೆ ಹಾಸಿರುವ ತೆಳ್ಳನೆಯ ಗ್ಯಾಸ್ಕೆಟ್ ಎಂಬ ಹಾಳೆಯೇ ಅಲ್ಲಿ ಗಡಿಗಳನ್ನು ಕಾಯುವ ಕಾವಲುಗಾರ.

ಆ ಕಾವಲಿನ ಭಾರವೆಷ್ಟೆಂಬುದನ್ನು ಲೆಕ್ಕಹಾಕಿ ನೋಡಬಹುದು. ಈ ಎಂಜಿನ್ನಿನ ಸಿಲಿಂಡರಿನ ವ್ಯಾಸ 73 ಮಿಲಿಮೀಟರು. ಆದುದರಿಂದ ಅದರ ಬಾಯಿಯ ವಿಸ್ತೀರ್ಣ ಸುಮಾರು 42 ಚದರ ಸೆಂಟಿಮೀಟರು. ಇಂಧನ ಉರಿದಾಗ ಉಂಟಾಗುವ ಒತ್ತಡವನ್ನು ಚದರ ಸೆಂಟಿಮೀಟರಿಗೆ 40 ಕಿಲೋಗ್ರಾಂ ಎಂದು ಹಿಡಿದರೂ ಹೆಡ್ಡನ್ನು ಮೇಲಕ್ಕೆ ದೂಡುವ ಬಲ 1,600 ಕಿಲೋಗ್ರಾಮಿಗೆ ಮಿಗಿಲಾಗುತ್ತದೆ. ಎಂದರೆ ಕ್ವಿಂಟಲ್ ತೂಕದ ಹದಿನಾರು ಜೋಳದ ಚೀಲಗಳ ಭಾರ! ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿನಲ್ಲಿಯೂ ಸೆಕೆಂಡಿಗೆ 25 ಸಲ ಈ ಹೊಡೆತ ಬೀಳುತ್ತದೆ. ಇದನ್ನೆಲ್ಲ ತಡೆದುನಿಲ್ಲುವುದು ಹನ್ನೊಂದು ನಟ್ಟುಗಳ ಬಿಗಿತದಿಂದ.

ಹೆಡ್ ಕೆಡುವುದೇಕೆ?

ಹೆಡ್ಡಿನ ಮುಖ್ಯ ಶತ್ರು ಅತಿಯಾದ ಉಷ್ಣ. ಅದಕ್ಕಿಂತ ಕ್ರೂರವಾದುದು ಉಷ್ಣದ ಏಕಾಏಕಿ ಏರಿಳಿತ. ಕಾದ ಲೋಹ ಹಿಗ್ಗುತ್ತದೆ. 400 ಮಿಲಿಮೀಟರು ಉದ್ದದ ಎರಕದ ಕಬ್ಬಿಣವು 80 ಡಿಗ್ರಿ ಸೆಂಟಿಗ್ರೇಡಿನಷ್ಟು ಹೆಚ್ಚು ಕಾದರೆ ಸುಮಾರು ಮೂರನೆಯ ಒಂದು ಮಿಲಿಮೀಟರು ಬೆಳೆಯುತ್ತದೆ. ಅಲ್ಯೂಮಿನಿಯಂ ಅದರ ಇಮ್ಮಡಿಯಷ್ಟು ಬೆಳೆಯುತ್ತದೆ. ಆದುದರಿಂದಲೇ ಈಚಿನ ಕಾರುಗಳ ಅಲ್ಯೂಮಿನಿಯಂ ಹೆಡ್ಡುಗಳು ಅತಿತಾಪಕ್ಕೆ ಬೇಗನೆ ಡೊಂಕಾಗುತ್ತವೆ. ಹಳೆಯ ಕಬ್ಬಿಣದ ಹೆಡ್ಡುಗಳು ಅಷ್ಟು ಬೇಗ ಡೊಂಕಾಗದಿದ್ದರೂ ಬಿರುಕು ಬಿಡುತ್ತವೆ.

ಇಲ್ಲಿ ನನ್ನ ತಪ್ಪನ್ನು ಹೇಳಬೇಕು. 2022ರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಶಾಲೆಯ ಇಬ್ಬರು ವಿದ್ಯಾರ್ಥಿಗಳನ್ನು ಚರ್ಚಾಸ್ಪರ್ಧೆಗಾಗಿ ಧಾರವಾಡಕ್ಕೆ ಕರೆದೊಯ್ಯುತ್ತಿದ್ದೆನು. ರಾಣೇಬೆನ್ನೂರನ್ನು ದಾಟಿದ ಮೇಲೆ ಚಾಲಕನು, “ಗುರುಗಳs, ಗಾಡಿ ಭಾಳ ಬಿಸಿ ಆಗೇದ್ರಿ, ಒಂದೀಟು ನಿಲ್ಲಸೂಣ್ರಿ” ಎಂದನು. ವೇಳೆ ಮೀರುವುದೆಂಬ ಆತುರದಲ್ಲಿ “ಹಾವೇರಿ ಬರಲಿ, ನಡೆ” ಎಂದೆನು. ಅವನು ಮತ್ತೊಮ್ಮೆ ಹೇಳಿದನು. ನಾನು ಮತ್ತೊಮ್ಮೆ ಗದರಿಸಿದೆನು. ಸ್ವಲ್ಪ ದೂರದಲ್ಲಿ ಬಾನೆಟ್ಟಿನಿಂದ ಆವಿ ಎದ್ದು ಎಂಜಿನ್ನು ತಾನಾಗಿಯೇ ನಿಂತಿತು. ತಣ್ಣಗಾಗುವ ತನಕ ತಡೆಯಬೇಕೆಂದು ಅವನು ಬೇಡಿಕೊಳ್ಳುತ್ತಿದ್ದರೂ ಹೊಲದ ಕೊಳವೆಬಾವಿಯಿಂದ ಕೊಡ ತುಂಬ ತಣ್ಣೀರು ತರಿಸಿ ಸುಯ್ಗುಡುತ್ತಿದ್ದ ರೇಡಿಯೇಟರಿಗೆ ಹೊಯ್ಯಿಸಿದೆನು. ಒಳಗಿನಿಂದ ಟಣ್ ಎಂಬ ಒಂದು ಸಣ್ಣ ಸದ್ದು ಬಂದಿತು. ಆ ಸದ್ದಿನ ಅರ್ಥ ನನಗಾಗಲಿಲ್ಲ. ಚಾಲಕನಿಗೆ ಆಯಿತು, ಅವನು ಏನೂ ಹೇಳದೆ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕುಳಿತುಬಿಟ್ಟನು.

ವಿದ್ಯಾರ್ಥಿಗಳು ಇದನ್ನು ಮೊದಲ ಸೂತ್ರವಾಗಿ ನೆನಪಿಡಬೇಕು: ಕಾದ ಎಂಜಿನ್ನನ್ನು ನಿಲ್ಲಿಸಿ ಕಾಯಬೇಕು, ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆಯಕೂಡದು, ತೆರೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ, ಕಾದ ಎರಕಕ್ಕೆ ತಣ್ಣೀರನ್ನು ಹೊಯ್ಯಲೇಕೂಡದು.

ದೋಷವನ್ನು ಗುರುತಿಸುವ ಬಗೆ

ಹೆಡ್ ಬಿರಿದಿದೆ ಅಥವಾ ಗ್ಯಾಸ್ಕೆಟ್ ಹೋಗಿದೆ ಎಂಬುದಕ್ಕೆ ಕೆಲವು ಲಕ್ಷಣಗಳುಂಟು. ಹೊರಗೆ ಎಲ್ಲಿಯೂ ಸೋರದಿದ್ದರೂ ರೇಡಿಯೇಟರಿನ ನೀರು ಕಡಿಮೆಯಾಗುತ್ತಿರುತ್ತದೆ. ಸೈಲೆನ್ಸರಿನಿಂದ, ಎಂಜಿನ್ನು ಬಿಸಿಯಾದ ಮೇಲೂ, ದಟ್ಟವಾದ ಬಿಳಿಯ ಆವಿ ಬರುತ್ತದೆ. ರೇಡಿಯೇಟರಿನ ನೀರಿನಲ್ಲಿ ಗುಳ್ಳೆಗಳು ಏಳುತ್ತಲೇ ಇರುತ್ತವೆ. ಎಂಜಿನ್ ಎಣ್ಣೆಯು ಹಾಲು ಬೆರೆತ ಚಹದ ಬಣ್ಣಕ್ಕೆ ತಿರುಗುತ್ತದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಬಲಗುಂದಿದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿದೆಯೆಂದು ತರ್ಕಿಸಬಹುದು. ಒಂದೇ ಲಕ್ಷಣವನ್ನು ನಂಬದೆ ಎರಡು ಮೂರನ್ನು ಕೂಡಿಸಿ ನೋಡಿ ತೀರ್ಮಾನಕ್ಕೆ ಬರಬೇಕು.

ಇಳಿಸುವ ಕ್ರಮ

ನಮ್ಮ ಕಾರನ್ನು ಹಾವೇರಿಗೆ ಎಳೆತಂದ ಮೇಲೆ ಅದನ್ನು ಕೈಗೆತ್ತಿಕೊಂಡವರು ಅರವತ್ತು ದಾಟಿದ ಒಬ್ಬ ಮೇಸ್ತ್ರಿ. ಅಕ್ಷರಜ್ಞಾನ ಅಲ್ಪವಾದರೂ ಅವರ ಕೈ ಶಾಸ್ತ್ರವನ್ನು ಬಲ್ಲುದಾಗಿತ್ತು. ಎಂಜಿನ್ನು ಪೂರ್ತಿಯಾಗಿ ತಣಿಯುವವರೆಗೆ ಅವರು ನಟ್ಟಿಗೆ ಕೈಹಚ್ಚಲಿಲ್ಲ. ಬ್ಯಾಟರಿಯ ತಂತಿಯನ್ನು ಬಿಡಿಸಿ, ನೀರನ್ನು ಬಸಿದು ಮುಚ್ಚಿದ ಡಬ್ಬಿಯಲ್ಲಿಟ್ಟರು. ರೇಡಿಯೇಟರಿಗೆ ಹಾಕುವ ಬಣ್ಣದ ದ್ರವವು ಸಿಹಿಯಾಗಿದ್ದು ವಿಷಕಾರಿಯಾದುದು; ದನ, ನಾಯಿಗಳು ನೆಕ್ಕದಂತೆ ನೋಡಿಕೊಳ್ಳಬೇಕು. ಆಮೇಲೆ ಹೋಸ್ ಪೈಪು, ಕಾರ್ಬೊರೇಟರು, ಮ್ಯಾನಿಫೋಲ್ಡು, ಪ್ಲಗ್ಗಿನ ತಂತಿಗಳು, ಮೇಲಿನ ತಗಡಿನ ಮುಚ್ಚಳ ಇವುಗಳನ್ನು ಒಂದೊಂದಾಗಿ ತೆಗೆದು ಬೇರೆಬೇರೆ ತಟ್ಟೆಗಳಲ್ಲಿಟ್ಟರು.

ಹನ್ನೊಂದು ನಟ್ಟುಗಳನ್ನು ಒಮ್ಮೆಗೇ ಬಿಚ್ಚುವಂತಿಲ್ಲ. ಒಂದೊಂದನ್ನೂ ಸ್ವಲ್ಪ ಸ್ವಲ್ಪವಾಗಿ, ಹಲವು ಸುತ್ತುಗಳಲ್ಲಿ ಸಡಿಲಿಸಬೇಕು. ಒಂದೆಡೆ ಪೂರ್ತಿ ಬಿಚ್ಚಿ ಇನ್ನೊಂದೆಡೆ ಬಿಗಿಯಾಗಿದ್ದರೆ ಹೆಡ್ ಸೊಟ್ಟಗಾಗುವ ಭಯವುಂಟು. ಇವುಗಳಲ್ಲಿ ನಾಲ್ಕು ನಟ್ಟುಗಳು ವಾಲ್ವುಗಳನ್ನು ಅದುಮುವ ರಾಕರ್ ದಂಡವನ್ನೂ ಹಿಡಿದಿರುತ್ತವೆ. ರಾಕರನ್ನು ಎತ್ತಿದ ಮೇಲೆ ಎಂಟು ಪುಶ್ ರಾಡುಗಳು ಕಾಣುತ್ತವೆ. ಮೇಸ್ತ್ರಿಗಳು ರಟ್ಟಿನ ತುಂಡಿನಲ್ಲಿ ಎಂಟು ತೂತು ಮಾಡಿ, ಎಣಿಕೆ ಬರೆದು, ತೆಗೆದ ರಾಡುಗಳನ್ನು ಅದೇ ಕ್ರಮದಲ್ಲಿ ಸಿಕ್ಕಿಸಿದರು. ವರ್ಷಗಟ್ಟಲೆ ತನ್ನ ಜೋಡಿಯೊಡನೆ ಸವೆದ ರಾಡು ಅದೇ ಸ್ಥಾನಕ್ಕೆ ಮರಳಬೇಕು. ಇದನ್ನು ಕಂಡು ನನಗೆ ತಾಳೆಗರಿಯ ಕಟ್ಟು ನೆನಪಾಯಿತು. ದಾರ ಬಿಚ್ಚಿದಾಗ ಗರಿಗಳ ಅಂಕಿ ತಪ್ಪಿದರೆ ಕಾವ್ಯ ಕೆಡುವಂತೆಯೇ ಇದೂ.

ಹೆಡ್ಡನ್ನು ನೇರವಾಗಿ ಮೇಲಕ್ಕೆತ್ತಬೇಕು. ಅಂಟಿಕೊಂಡಿದ್ದರೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕೇ ಹೊರತು ಸ್ಕ್ರೂ ಡ್ರೈವರನ್ನು ಸಂದಿಗೆ ತೂರಿಸಿ ಮೀಟಕೂಡದು. ಅದರಿಂದಾದ ಒಂದು ಗೀರೇ ಮುಂದೆ ಸೋರಿಕೆಗೆ ದಾರಿಯಾಗುತ್ತದೆ.

ಪರೀಕ್ಷೆ

ಹೆಡ್ಡನ್ನು ಮಗುಚಿ ತೊಳೆದಾಗ ಎರಡು ವಾಲ್ವುಗಳ ಕುಳಿಗಳ ನಡುವೆ ಕೂದಲೆಳೆಯಂತಹ ಕಪ್ಪು ಗೆರೆಯೊಂದು ಕಾಣಿಸಿತು. ಮೇಸ್ತ್ರಿಗಳು ಅದರ ಮೇಲೆ ಉಗುರಾಡಿಸಿ, “ಇದು ಬಿರುಕು ಐತ್ರಿ ಗುರುಗಳ, ಹೆಡ್ ಬದಲಿನs ಮಾಡಬೇಕು” ಎಂದರು. ನಾನು ಕೇಳಿದ್ದ ಸಣ್ಣ ಸದ್ದಿನ ಲಿಪಿ ಅದು.

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋದುದರಿಂದ ಹಳೆಯ ಕಾರೊಂದರ ಹೆಡ್ಡನ್ನು ಹುಡುಕಿ ತರಬೇಕಾಯಿತು. ಬೇರೆ ಹೆಡ್ ತಂದಾಗ ಹಳೆಯದನ್ನೂ ಅದನ್ನೂ ಪಕ್ಕದಲ್ಲಿಟ್ಟು ನೀರಿನ ತೂತುಗಳು, ಉರಿಯುವ ಕುಳಿಗಳ ಆಕಾರ, ದಪ್ಪ ಇವೆಲ್ಲ ಸರಿಹೊಂದುವುವೇ ಎಂದು ನೋಡಬೇಕು. ಬಿರುಕಿಲ್ಲವೆಂಬುದನ್ನು ಒತ್ತಡದ ನೀರಿನಿಂದ ಪರೀಕ್ಷಿಸಿಸಬೇಕು. ಅನಂತರ ನೇರವಾದ ಉಕ್ಕಿನ ಪಟ್ಟಿಯನ್ನು ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು, ಅದರ ಕೆಳಗೆ ಫೀಲರ್ ಗೇಜಿನ ತೆಳುವಾದ ಎಲೆ ನುಸುಳುವುದೇ ಎಂದು ನೋಡಬೇಕು. ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೆಯ ಒಂದು ಅಂಶದಷ್ಟು ಡೊಂಕಿದ್ದರೂ ಯಂತ್ರದಲ್ಲಿ ಮಟ್ಟಸ ಮಾಡಿಸಬೇಕಾಗುತ್ತದೆ. ಬ್ಲಾಕಿನ ಮುಖಕ್ಕೂ ಇದೇ ಪರೀಕ್ಷೆ. ವಾಲ್ವುಗಳನ್ನು ಅರೆಯುವ ಪೇಸ್ಟಿನಿಂದ ಅವುಗಳ ಪೀಠಕ್ಕೆ ಕೂಡಿಸಿ, ಕುಳಿಗೆ ಸೀಮೆಎಣ್ಣೆ ಹೊಯ್ದು, ಹಿಂದೆ ಸೋರದಿದ್ದರೆ ಕೂಡಿಕೆ ಸರಿಯಾಗಿದೆಯೆಂದು ತಿಳಿಯಬೇಕು. ಹಳೆಯ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದುದರಿಂದ ಒಣಗಿದ್ದಾಗ ಕೆರೆಯದೆ ಒದ್ದೆಮಾಡಿ ತೆಗೆಯಬೇಕು.

ಕೂಡಿಸುವ ಕ್ರಮ

ಹೊಸ ಗ್ಯಾಸ್ಕೆಟ್ಟಿನ ಮೇಲೆ ಯಾವ ಮಗ್ಗುಲು ಮೇಲೆ, ಯಾವ ತುದಿ ಮುಂದೆ ಎಂಬ ಗುರುತಿರುತ್ತದೆ. ಅದನ್ನು ಓದದೆ ಹಾಸಿದರೆ ನೀರಿನ ದಾರಿ ಮುಚ್ಚಿಹೋದೀತು. ಹೆಡ್ಡನ್ನು ಇಳಿಸಿ, ಪುಶ್ ರಾಡುಗಳನ್ನು ಅವುಗಳ ಸ್ಥಾನಕ್ಕೆ ಸೇರಿಸಿ, ರಾಕರನ್ನು ಕೂಡಿಸಿದ ಮೇಲೆ ನಟ್ಟು ಬಿಗಿಯುವ ಘಟ್ಟ ಬರುತ್ತದೆ. ಇಡೀ ಕೆಲಸದ ಜೀವಾಳ ಇದೇ.

ಬಿಗಿಯುವಿಕೆಯು ನಡುವಿನಿಂದ ಆರಂಭವಾಗಿ ಅಂಚಿನ ಕಡೆಗೆ ಸಾಗಬೇಕು. ನಮ್ಮ ತಾಯಂದಿರು ಜೋಳದ ರೊಟ್ಟಿಯನ್ನು ನಡುವಿನಿಂದ ಅಂಚಿಗೆ ತಟ್ಟುತ್ತ ಹೋಗುವಂತೆ ಇಲ್ಲಿಯೂ ಗ್ಯಾಸ್ಕೆಟ್ಟು ನಡುವಿನಿಂದ ಹೊರಮುಖವಾಗಿ ಸಮನಾಗಿ ಕೂರಬೇಕು. ಅಂಚುಗಳನ್ನು ಮೊದಲು ಬಿಗಿದರೆ ನಡುವೆ ಉಬ್ಬು ಉಳಿಯುತ್ತದೆ. ಬಿಗಿಯುವುದೂ ಒಂದೇ ಸಲಕ್ಕಲ್ಲ. ಮೊದಲ ಸುತ್ತಿನಲ್ಲಿ ಹಗುರವಾಗಿ, ಎರಡನೆಯದರಲ್ಲಿ ಇನ್ನಷ್ಟು, ಮೂರನೆಯದರಲ್ಲಿ ಪೂರ್ಣವಾಗಿ. ಎಷ್ಟು ಬಲ ಎಂಬುದನ್ನು ಆಯಾ ಎಂಜಿನ್ನಿನ ಕೈಪಿಡಿಯಿಂದ ತಿಳಿದು, ಬಲವನ್ನು ಅಳೆಯುವ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಅತಿಯಾದ ಬಲದಿಂದ ಸ್ಟಡ್ ಮುರಿಯುತ್ತದೆ. ಅಲ್ಪಬಲದಿಂದ ಬೆಂಕಿ ದಾರಿ ಮಾಡಿಕೊಳ್ಳುತ್ತದೆ. ಈಚಿನ ಹಲವು ಎಂಜಿನ್ನುಗಳ ಹೆಡ್ ಬೋಲ್ಟುಗಳು ಬಿಗಿದಾಗ ಹಿಗ್ಗುವಂಥವು. ಅವನ್ನು ಎರಡನೆಯ ಸಲ ಬಳಸಕೂಡದು.

ಬಳಿಕ ವಾಲ್ವಿಗೂ ರಾಕರಿಗೂ ನಡುವೆ ಕೈಪಿಡಿಯಲ್ಲಿ ಹೇಳಿದಷ್ಟು ಸಂದು ಬಿಡಬೇಕು. ಇದಕ್ಕೆ ಮೇಸ್ತ್ರಿಗಳು ಹೇಳಿಕೊಟ್ಟ ಸೂತ್ರ ಪಾಣಿನಿಗೂ ಮೆಚ್ಚುಗೆಯಾಗುವಷ್ಟು ಚಿಕ್ಕದು: ‘ಮೊತ್ತ ಒಂಬತ್ತು’. ವಾಲ್ವುಗಳನ್ನು ಮುಂದಿನಿಂದ 1ರಿಂದ 8ರವರೆಗೆ ಎಣಿಸಬೇಕು. 8ನೆಯದು ಪೂರ್ತಿ ತೆರೆದಿರುವಾಗ 1ನೆಯದರ ಸಂದನ್ನು ಸರಿಪಡಿಸಬೇಕು. 6 ತೆರೆದಾಗ 3ನ್ನು, 4 ತೆರೆದಾಗ 5ನ್ನು, 7 ತೆರೆದಾಗ 2ನ್ನು. ಹೀಗೆ ತೆರೆದುದರ ಅಂಕಿಯನ್ನು ಒಂಬತ್ತರಿಂದ ಕಳೆದರೆ ಸರಿಪಡಿಸತಕ್ಕುದರ ಅಂಕಿ ದೊರೆಯುತ್ತದೆ. ತೆರೆದ ವಾಲ್ವಿನ ಜೊತೆಗಾರ ವಾಲ್ವು ಆ ಕ್ಷಣದಲ್ಲಿ ಪೂರ್ತಿ ಮುಚ್ಚಿರುತ್ತದೆಂಬುದೇ ಇದರ ತತ್ತ್ವ.

ಎಂಜಿನ್ನು ಒಮ್ಮೆ ಕಾದು ತಣಿದ ಮೇಲೆ ಇಂತಹ ಹಳೆಯ ಎಂಜಿನ್ನಿನ ನಟ್ಟುಗಳನ್ನು ಮರಳಿ ಪರೀಕ್ಷಿಸಿ, ಸಂದುಗಳನ್ನೂ ಮರಳಿ ನೋಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕೆಟ್ಟುದಕ್ಕೆ ಮೂಲಕಾರಣವನ್ನು ಹುಡುಕದಿದ್ದರೆ ಹೊಸ ಹೆಡ್ಡೂ ಅದೇ ದಾರಿ ಹಿಡಿಯುತ್ತದೆ. ನಮ್ಮ ಕಾರಿನಲ್ಲಿ ಕೆಳಗಿನ ಹೋಸ್ ಪೈಪು ಉಗುರಿನಷ್ಟು ಸೀಳಿತ್ತು. ಅಷ್ಟರಿಂದಲೇ ನೀರು ಸೋರಿಹೋಗಿತ್ತು. ಚಾಲಕನು ಹೇಳಿದಾಗಲೇ ನಿಲ್ಲಿಸಿದ್ದರೆ ಆ ಪೈಪನ್ನು ಬದಲಿಸುವುದರೊಡನೆ ಎಲ್ಲವೂ ಮುಗಿಯುತ್ತಿತ್ತು.

ಉಪಸಂಹಾರ

ನಾವು ಮರಳಿದಾಗ ಈ ವೆಚ್ಚವನ್ನು ಚಾಲಕನ ಸಂಬಳದಿಂದ ಹಿಡಿಯಬೇಕೆಂಬ ಮಾತು ಹುಟ್ಟಿತ್ತು. ಅವನು ನನ್ನ ಹೆಸರೆತ್ತದೆ ತಲೆತಗ್ಗಿಸಿ ನಿಂತಿದ್ದನು. ನಾನು ಪೂಜ್ಯ ಶ್ರೀಗಳವರ ಸನ್ನಿಧಿಯಲ್ಲಿ ನಡೆದುದನ್ನು ನಡೆದಂತೆಯೇ ಅರಿಕೆಮಾಡಿ, ವೆಚ್ಚವನ್ನು ನಾನೇ ಕೊಡುವುದಾಗಿ ಹೇಳಿದೆನು. ಪೂಜ್ಯರು ಕೊಂಚ ಹೊತ್ತು ಸುಮ್ಮನಿದ್ದು, “ಹಣ ಕೊಡುವುದು ಸುಲಭ, ಪಂಡಿತರೇ. ಮೊದಲು ಅವನ ಕ್ಷಮೆ ಕೇಳಿರಿ. ಆಮೇಲೆ ಕಲಿತದ್ದನ್ನು ಮಕ್ಕಳಿಗೆ ಕಲಿಸಿರಿ” ಎಂದು ಅಪ್ಪಣೆಕೊಡಿಸಿದರು. ಮೊದಲನೆಯದನ್ನು ಅಂದೇ ನೆರವೇರಿಸಿದೆನು. ಎರಡನೆಯದು ಈ ಲೇಖನ.

ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ ಎಂದು ಶರಣರನ್ನು ಕಾಯಕದ ಹೆಸರಿನಿಂದಲೇ ಕರೆದ ಪರಂಪರೆ ನಮ್ಮದು. ಅದನ್ನು ತರಗತಿಯಲ್ಲಿ ಇಪ್ಪತ್ತೈದು ವರ್ಷಕ್ಕೂ ಮಿಗಿಲಾಗಿ ವಿವರಿಸುತ್ತ ಬಂದ ನಾನು, ಬಂಡಿಯನ್ನು ಬಲ್ಲವನು ಬಂಡಿಯ ವಿಷಯ ಹೇಳಿದಾಗ ಕಿವಿಗೊಡಲಿಲ್ಲ. ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಮುಂದೆ ಯಂತ್ರಗಳನ್ನು ಬಿಚ್ಚಿ ಕೂಡಿಸುವವರಾಗುವಿರಿ, ಹಲವರು ಅವುಗಳಲ್ಲಿ ಕುಳಿತು ಪಯಣಿಸುವವರಾಗುವಿರಿ. ಮೊದಲಿನವರು ಕ್ರಮವನ್ನು ಬಿಡದಿರಲಿ. ಎರಡನೆಯವರು, ಚಾಲಕನು ನಿಲ್ಲಿಸೋಣವೆಂದಾಗ ನಿಲ್ಲಿಸಲಿ.