ಟವೆಲ್ಲಿಗೆ ಕಂಡೀಷನರ್ ಬೇಡ

ಬಟ್ಟೆ ಒಗೆದ ಮೇಲೆ ಫ್ಯಾಬ್ರಿಕ್ ಕಂಡೀಷನರ್ ಹಾಕಲೇಬೇಕೆಂದೇನೂ ಇಲ್ಲ. ಅದು ಕೊಳೆ ತೆಗೆಯುವುದಿಲ್ಲ. ಎಳೆಗಳ ಮೇಲೆ ಜಿಡ್ಡಿನಂಥ ತೆಳು ಲೇಪ ಬಿಡುತ್ತದೆ. ಕೈಗೆ ಮೆತ್ತಗೆನಿಸುವುದು ಆ ಲೇಪದಿಂದಲೇ, ಟವೆಲ್ಲು ನೀರು ಹೀರುವುದು ಕಡಿಮೆಯಾಗುವುದೂ ಅದರಿಂದಲೇ. ಅಂಥ ಟವೆಲ್ಲಿನ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ, ಇಂಗಲು ಎಷ್ಟು ತಡವಾಗುತ್ತದೆಂದು ತಿಳಿಯುತ್ತದೆ. ಬೋರ್‌ವೆಲ್ ನೀರಿಗೆ ಬಟ್ಟೆ ಒರಟಾಗುತ್ತದಲ್ಲ ಎಂದು ನೀವು ಕೇಳಬಹುದು. ನಿಜ, ಆದರೆ ಒರಟಿಗೆ ಕಾರಣ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಮತ್ತು ಎಳೆಯಲ್ಲಿ ಉಳಿದ ಸೋಪು. ಸೋಪಿನ ಪುಡಿಯನ್ನು ಅಳತೆಗೆ ತಕ್ಕಷ್ಟೇ ಹಾಕಿ, ಇನ್ನೊಂದು ಸಲ ಜಾಲಿಸಿ, ಚೆನ್ನಾಗಿ ಕೊಡವಿ ಒಣಹಾಕಿ. ಸಿಂಥೆಟಿಕ್ ಸೀರೆ ಮೈಗೆ ಅಂಟುತ್ತದೆ ಎನ್ನುವವರು ಅದಕ್ಕಷ್ಟೇ ಕಂಡೀಷನರ್ ಬಳಸಲಿ. ಟವೆಲ್ಲು, ಮಗುವಿನ ಲಂಗೋಟಿ, ಬೆವರು ಹೀರಬೇಕಾದ ಆಟದ ಉಡುಪುಗಳಿಗೆ ಖಂಡಿತ ಬೇಡ.