ಅಲಸಂದೆ ವೈರಾಣು: ಗಣಕಯಂತ್ರ ಏನು ಹೇಳಬಲ್ಲದು?

ಅಲಸಂದೆ ಗಿಡದ ಎಲೆಗಳಲ್ಲಿ ಹಳದಿ-ಹಸಿರು ಮಚ್ಚೆಗಳು ಮೂಡುವುದನ್ನು ರೈತರು ಬಲ್ಲರು. ಇಂಥ ರೋಗ ತರುವ ವೈರಾಣುಗಳಲ್ಲಿ ಒಂದು ‘ಕೌಪೀ ಮೊಸಾಯಿಕ್ ವೈರಸ್’. ಇದರ ಗಾತ್ರ ಸುಮಾರು 30 ನ್ಯಾನೊಮೀಟರ್. ಎರಡು-ಮೂರು ಸಾವಿರ ಕಣಗಳನ್ನು ಸಾಲಾಗಿ ಇಟ್ಟರೆ ಒಂದು ತಲೆಗೂದಲಿನ ದಪ್ಪವಾದೀತು. ಇದು ಮನುಷ್ಯರಿಗೆ ರೋಗ ತರುವುದಿಲ್ಲ. ಆದರೂ ಚುಚ್ಚುಮದ್ದಿನ ಮೂಲಕ ಒಳಹೊಕ್ಕರೆ ದೇಹದ ರಕ್ಷಣಾ ವ್ಯವಸ್ಥೆ ಎಚ್ಚೆತ್ತುಕೊಳ್ಳುತ್ತದೆ.

ಈ ಗುಣವನ್ನೇ ವಿಜ್ಞಾನಿಗಳು ಬಳಸಿಕೊಳ್ಳಲು ಹೊರಟಿದ್ದಾರೆ. 2016ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ಕ್ಯಾನ್ಸರ್ ಇದ್ದ ಇಲಿಗಳಿಗೆ ಈ ವೈರಾಣುವಿನ ಟೊಳ್ಳು ಕಣಗಳನ್ನು ಕೊಟ್ಟಾಗ, ಬಿಳಿ ರಕ್ತಕಣಗಳು ಗೆಡ್ಡೆಯ ವಿರುದ್ಧ ಹೋರಾಡಿದವು.

ಮನುಷ್ಯರಿಗೆ ಕೊಟ್ಟರೆ ದೇಹ ಹೇಗೆ ಪ್ರತಿಕ್ರಿಯಿಸೀತು? ಮೊದಲ ಅಂದಾಜು ಮಾಡಲು ಗಣಕಯಂತ್ರ ನೆರವಾಗುತ್ತದೆ. ವೈರಾಣುವಿನ ಹೊರಕವಚ ಪ್ರೋಟೀನಿನಿಂದ ಆದದ್ದು; ಪ್ರೋಟೀನು ಅಮೈನೋ ಆಮ್ಲಗಳ ಸರ. ನಮ್ಮ ಜೀವಕೋಶಗಳು ಈ ಸರವನ್ನು ತುಂಡರಿಸಿ, ಸಾಮಾನ್ಯವಾಗಿ ಒಂಬತ್ತು ಮಣಿಗಳಷ್ಟು ಉದ್ದದ ಚೂರುಗಳನ್ನು ‘ಎಚ್‌.ಎಲ್‌.ಎ.’ ಎಂಬ ತಟ್ಟೆಯಲ್ಲಿಟ್ಟು ‘ಟಿ’ ಕಣಗಳಿಗೆ ತೋರಿಸುತ್ತವೆ. ಯಾವ ಚೂರು ಯಾವ ತಟ್ಟೆಗೆ ಹೊಂದುತ್ತದೆ ಎಂಬುದನ್ನು, ಹಿಂದಿನ ಪ್ರಯೋಗಗಳ ಮಾಹಿತಿಯ ಆಧಾರದಿಂದ ಗಣಕಯಂತ್ರ ಲೆಕ್ಕಹಾಕುತ್ತದೆ. ನೂರಾರು ಚೂರುಗಳಲ್ಲಿ ಪರೀಕ್ಷಿಸಬೇಕಾದ ಕೆಲವನ್ನು ಮಾತ್ರ ಆರಿಸಿ ಕೊಡುತ್ತದೆ.

ಆದರೆ ಇದಕ್ಕೆ ಮಿತಿಗಳಿವೆ. ಮೂತ್ರಪಿಂಡದ ಕಸಿಗೆ ಮುನ್ನ ವೈದ್ಯರು ಹೊಂದಾಣಿಕೆ ನೋಡುವುದೂ ಇದೇ ಎಚ್‌.ಎಲ್‌.ಎ.ಯನ್ನು. ಅದು ಒಡಹುಟ್ಟಿದವರಲ್ಲಿಯೂ ಬೇರೆ ಬೇರೆ ಇರಬಹುದು. ಸಂಗ್ರಹದಲ್ಲಿರುವ ಮಾಹಿತಿಯಲ್ಲಿ ಐರೋಪ್ಯ ಮೂಲದವರದೇ ಹೆಚ್ಚು. ಆದ್ದರಿಂದ ಕಡಿಮೆ ಅಧ್ಯಯನವಾದ ಜನರ ವಿಷಯದಲ್ಲಿ ಲೆಕ್ಕ ತಪ್ಪುವ ಸಾಧ್ಯತೆ ಹೆಚ್ಚು. ಅಲ್ಲದೆ ಚೂರು ತಟ್ಟೆಗೆ ಹೊಂದಿದ ಮಾತ್ರಕ್ಕೆ ‘ಟಿ’ ಕಣ ಕೆರಳಲೇಬೇಕೆಂದಿಲ್ಲ. ಪ್ರತಿಕಾಯಗಳು ಗುರುತಿಸುವುದು ಕವಚದ ಮೇಲ್ಮೈಯ ಆಕಾರವನ್ನು. ಅದನ್ನು ಮುಂಗಾಣುವುದು ಇನ್ನೂ ಕಷ್ಟ. ಕೆಲವರ ರಕ್ತದಲ್ಲಿ ಸಸ್ಯ ವೈರಾಣುಗಳ ವಿರುದ್ಧ ಪ್ರತಿಕಾಯಗಳು ಮೊದಲೇ ಇರುತ್ತವೆ. ತಂಬಾಕಿನ ವೈರಾಣುವಿನ ವಿರುದ್ಧದ ಪ್ರತಿಕಾಯಗಳು ಧೂಮಪಾನಿಗಳಲ್ಲಿ ಹೆಚ್ಚಾಗಿ ಕಂಡುಬಂದಿವೆ.

ಹೀಗಾಗಿ ಗಣಕಯಂತ್ರ ಜರಡಿಯೇ ಹೊರತು ತೀರ್ಪುಗಾರನಲ್ಲ. ಜರಡಿಯಲ್ಲಿ ಉಳಿದದ್ದನ್ನು ಪ್ರಯೋಗಾಲಯದಲ್ಲಿ, ಪ್ರಾಣಿಗಳಲ್ಲಿ, ಕೊನೆಗೆ ಮನುಷ್ಯರಲ್ಲಿ ಹಂತಹಂತವಾಗಿ ಪರೀಕ್ಷಿಸಲೇಬೇಕು.

ಹಾಗಾದರೆ ಅಲಸಂದೆ ತಿಂದರೆ ಕ್ಯಾನ್ಸರ್ ವಾಸಿಯಾಗುವುದೇ? ಖಂಡಿತ ಇಲ್ಲ. ಅಲಸಂದೆ ಪೌಷ್ಟಿಕ ಆಹಾರ, ಅಷ್ಟೆ. ಪ್ರಯೋಗದಲ್ಲಿ ಬಳಸುವುದು ಶುದ್ಧೀಕರಿಸಿ, ಅಳತೆ ಮಾಡಿದ ಕಣಗಳನ್ನು. ಮನೆಯಲ್ಲಿ ಕ್ಯಾನ್ಸರ್ ರೋಗಿ ಇದ್ದರೆ ಇಂಥ ಸುದ್ದಿ ನಂಬಿ ಈಗಿನ ಚಿಕಿತ್ಸೆಯನ್ನು ನಿಲ್ಲಿಸಬೇಡಿ. ಸಂಶಯವಿದ್ದರೆ ನಿಮ್ಮ ವೈದ್ಯರನ್ನೇ ಕೇಳಿ.